ಗುತ್ತಲಿನ ಅತ್ತೆ ಹೇಳಿದ ಬುದ್ಧಿ

ಎದುರು ಮನೆಯ ಸವಿತಾಳಿಗೆ ಮೈಸೂರಿನಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಹೊರಡುವುದಕ್ಕೆ ಇನ್ನು ನಾಲ್ಕು ದಿನ ಎನ್ನುವಾಗ, ಮೊನ್ನೆ ಸಂಜೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ನುಣುಪು ಕಾಗದದ ಒಂದು ಪುಸ್ತಿಕೆ. ಹೊಸ ವಿದ್ಯಾರ್ಥಿಗಳಿಗೆ ಸಲಹೆಗಳು ಎಂದು ಮೇಲೆ ಅಚ್ಚಾಗಿತ್ತು. ಅವಳ ಹಿಂದೆಯೇ ಅವಳ ಅಜ್ಜಿ ಜವರಮ್ಮನವರೂ ಬಂದು ಬಾಗಿಲಾಚೆಯ ಕಟ್ಟೆಯ ಮೇಲೆ ಕುಳಿತರು. ಒಳಗೆ ಬನ್ನಿ ಎಂದೆ. "ಇಲ್ಲೇ ಗಾಳಿ ಸೆಂದಾಗದೆ, ಬುಡಿ" ಎಂದರು.

"ತಾತ, ನೀವು ಆ ಕಾಲದಲ್ಲೇ ಮೈಸೂರಲ್ಲಿ ಓದಿದೋರಂತೆ. ಏನಾದ್ರೂ ಟಿಪ್ಸ್ ಕೊಡಿ" ಎಂದಳು ಸವಿತಾ.

ನಾನು ಕನ್ನಡಕ ಹುಡುಕಿ ಆ ಪುಸ್ತಿಕೆಯನ್ನು ತಿರುವಿ ಹಾಕಿದೆ. ಬೇಗ ಏಳಬೇಕು, ಗ್ರಂಥಾಲಯಕ್ಕೆ ಹೋಗಬೇಕು, ವೇಳಾಪಟ್ಟಿ ಹಾಕಿಕೊಳ್ಳಬೇಕು, ಒಳ್ಳೆಯವರ ಸಹವಾಸ ಮಾಡಬೇಕು. ಒಂದೂ ತಪ್ಪಲ್ಲ. ಬೇಗ ಏಳಬೇಡ ಎಂದು ಯಾರು ತಾನೇ ಹೇಳಿಯಾರು? ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದ ಒಂದು ತಟ್ಟೆ ತಂದಿಟ್ಟಳು. ರಾಗಿಯ ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ, ಒಂದಿಷ್ಟು ತುಪ್ಪ ಹಾಕಿ ಕಲಸಿದ್ದು. ಬಿಸಿಯಾಗಿ ಹುರಿದ ರಾಗಿಯ ವಾಸನೆ ಮೂಗಿಗೆ ಬಡಿಯಿತು. ಹುಡುಗಿಯ ಕಣ್ಣು ತಟ್ಟೆಯ ಮೇಲೆಯೇ ಇತ್ತು. ಬಾಯಿ ಮಾತ್ರ, "ಬೇಡ ತಾತ, ಈಗ್ತಾನೆ ತಿಂದ್ಕೊಂಡು ಬಂದೆ" ಎಂದಿತು.

ನೋಡಿ, ವಾಸನೆಯೊಂದೇ ಬಂದಿದ್ದರೆ ನಾನು ಅಲ್ಲೇ ಇರುತ್ತಿದ್ದೆನೋ ಏನೋ. ಆ ವಾಸನೆಯ ಜೊತೆಗೆ ಈ ಮಾತೂ ಸೇರಿದ್ದರಿಂದ ಕುಳಿತ ಕುರ್ಚಿಯಲ್ಲೇ ಅರವತ್ತು ವರ್ಷ ಹಿಂದಕ್ಕೆ, ಗುತ್ತಲಿನ ನಮ್ಮ ಅತ್ತೆಯ ಜಗಲಿಗೆ ಹೋಗಿಬಿಟ್ಟೆ.

ಈಗ ಗುತ್ತಲು ಎಂದರೆ ಮಂಡ್ಯದ ಒಂದು ಬಡಾವಣೆ. ಆಗ ಅದು ಬೇರೆಯೇ ಊರು. ನಡುವೆ ಗದ್ದೆ, ಗದ್ದೆಯ ನಡುವೆ ಗಾಡಿಜಾಡು. ಮೂವತ್ತರ ದಶಕದ ನಡುಭಾಗ. ಹೊಸ ನಾಲೆಯ ನೀರು ಬಂದು, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಕಬ್ಬು ನಿಂತಿತ್ತು. ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆಗೆ ಜನ ಇನ್ನೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮ್ಮದು ಹೊಳಲು. ನಮ್ಮ ಬೀದಿಯಿಂದ ಕಾಲೇಜಿಗೆ ಹೊರಟವರಲ್ಲಿ ನಾನೇ ಮೊದಲಿಗ. ಅಪ್ಪನಿಗೆ ಇದರಲ್ಲಿ ಹೆಮ್ಮೆಯೂ ಇತ್ತು, ಅನುಮಾನವೂ ಇತ್ತು. "ಓದು ಹತ್ನಿಲ್ಲ ಅಂದ್ರೆ ಬಂದ್ಬುಡು. ಕಬ್ಬಿಗೆ ನೀರು ಕಟ್ಟಾಕೆ ಆಳು ಸಿಗ್ತಿಲ್ಲ" ಎಂದು ಗಾಡಿ ಹತ್ತಿಸುವಾಗಲೇ ಹೇಳಿದ್ದರು. ಬೇರೆ ಹುಡುಗರಿಗೆ, ಸೋತು ಬಂದರೆ ಮನೆಗೆ ಸೇರಿಸುವುದಿಲ್ಲವೆಂಬ ಹೆದರಿಕೆ ಇರುತ್ತಿತ್ತು. ನನಗೆ, ಸೋತು ಬಂದರೆ ಕೆಲಸ ಸಿದ್ಧವಾಗಿದೆ ಎಂಬ ಭರವಸೆ. ಅದು ಹೆದರಿಕೆಗಿಂತ ಕೆಟ್ಟದ್ದು ಎಂದು ಆಮೇಲೆ ತಿಳಿಯಿತು.

ಅಪ್ಪನ ಅಕ್ಕ ನಿಂಗಮ್ಮ ಗುತ್ತಲಿನಲ್ಲಿದ್ದಳು. ಅವಳ ಮನೆ ಗಾಡಿಜಾಡಿನ ಪಕ್ಕದಲ್ಲೇ. ಹೊಳಲಿನ ಕಡೆಯಿಂದ, ಮಳವಳ್ಳಿ ಕಡೆಯಿಂದ ಮೈಸೂರಿಗೆ ಓದಲು ಹೋಗುವ ಹುಡುಗರೆಲ್ಲ ರೈಲಿನ ಹೊತ್ತಿನವರೆಗೆ ಅವಳ ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಒಬ್ಬ ಒಂದು ದಿನ ಬಿಸಿಲಿಗೆ ಕುಳಿತ, ಮಜ್ಜಿಗೆ ಕುಡಿದ, ಇನ್ನೊಬ್ಬನಿಗೆ ಹೇಳಿದ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ರೈಲು ಹತ್ತಿದವಳೂ ಅಲ್ಲ. ಆದರೆ ಹೋಗುವ ಬರುವ ಹುಡುಗರನ್ನು ಕೂರಿಸಿಕೊಂಡು, ರಾಗಿ ಹುರಿಯುತ್ತ, ಅವರೇಕಾಯಿ ಸುಲಿಯುತ್ತ, ಕೆದಕಿ ಕೆದಕಿ ಕೇಳುತ್ತಿದ್ದಳು. ಅಲ್ಲಿ ಕೂರಾಕೆ ಮಣೆ ಕೊಡ್ತಾರಾ, ಬೆಂಚಾ? ಮೇಷ್ಟ್ರು ಹೊಡೀತಾರಾ? ಗಡಿಯಾರದ ಗೋಪುರ ಅಂತಾರಲ್ಲ, ಅದು ಎಷ್ಟು ಎತ್ತರ, ನಮ್ಮ ತೆಂಗಿನ ಮರದಷ್ಟು ಅದಾ? ಹೀಗೆ ಕೇಳಿ ಕೇಳಿ, ಅವರು ಮಾಡಿದ ತಪ್ಪುಗಳನ್ನೆಲ್ಲ ಒಟ್ಟು ಹಾಕಿ, ಮುಂದಿನ ವರ್ಷ ಹೊರಡುವವರಿಗೆ ಬುದ್ಧಿ ಹೇಳಿ ಕಳಿಸುತ್ತಿದ್ದಳು.

ಅವಳ ಬುದ್ಧಿಮಾತಿನಲ್ಲಿ ಬೇಗ ಏಳು ಎಂಬುದು ಇರಲಿಲ್ಲ. "ರೈಲ್ನಲ್ಲಿ ಇಂಜಿನ್ ಕಡೀಕೆ ಮಕ ಮಾಡ್ಕೊಂಡು ಕೂರ್ಬ್ಯಾಡ, ಕಣ್ಗೆ ಕಿಡಿ ಬೀಳ್ತದೆ. ಟ್ರಂಕಿನ ತಳಕ್ಕೆ ಬೇವಿನ ಸೊಪ್ಪು ಆಕು, ತಿಗಣೆ ಬರಾಕಿಲ್ಲ. ಹುರಿಹಿಟ್ಟಿನ ಡಬ್ಬ ಅಲ್ಗೆ ಓಗಿದ ದಿನ್ವೇ ಬಿಚ್ಚಿ ಎಲ್ರಿಗೂ ಕೊಡು. ಬಚ್ಚಿಟ್ರೆ ಕದೀತಾರೆ, ಕೊಟ್ರೆ ಕಾಯ್ತಾರೆ. ಕಾಗ್ದ ಬರ್ದ್ರೆ ನಿಮ್ಮವ್ವನ ಯೆಸ್ರಿಗೆ ಬರಿ."

"ಅವ್ವಂಗೆ ಓದಾಕೆ ಬರಲ್ವಲ್ಲ ಅತ್ತೆ?"

"ಅದ್ಕೇಯಾ. ನಿಮ್ಮಪ್ಪನ ಯೆಸ್ರಿಗೆ ಬರ್ದ್ರೆ ಅವ್ನು ಓದ್ಕೊಂಡು ಜೇಬಿಗಾಕೊತಾನೆ. ಅವಳ ಯೆಸ್ರಿಗೆ ಬರ್ದ್ರೆ ಗಟ್ಟಿಯಾಗಿ ಓದ್ಲೇಬೇಕು."

ಕೊನೆಯಲ್ಲಿ ಹೊರಡುವಾಗ, ನನ್ನ ಕೈಗೆ ಹುರಿಹಿಟ್ಟಿನ ಡಬ್ಬ ಕೊಡುತ್ತ ಹೇಳಿದಳು: "ಎಲ್ಲಕ್ಕಿಂತ ಇದ್ನ ನೆಪ್ಪಿಟ್ಕೊ. ಉಂಡ್ಯಾ ಅಂತ ಯಾರಾದ್ರೂ ಕೇಳಿದ್ರೆ ಉಂಡಿವ್ನಿ ಅನ್ಬ್ಯಾಡ. ಬೇಕಾ ಅಂದ್ರೆ ಬೇಕು ಅನ್ನು. ಅಲ್ಲಿ ಎರಡ್ನೇ ಸಲ ಕೇಳಾಕಿಲ್ವಂತೆ ಕಣ್ಲಾ."

ನಾನು ಹೂಂ ಅಂದೆ. ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಇದು ಯಾಕೆಂದು ನಿಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಂಡ್ಯದ ಕಡೆಯವರ ಮಾತು ಒರಟು ಎಂದು ಹೊರಗಿನವರು ಹೇಳುತ್ತಾರೆ. ಸುಳ್ಳೇನಲ್ಲ. ಹಸು ಬದು ದಾಟಿದರೆ ಹಸುವಿನ ಯಜಮಾನನ ಏಳು ತಲೆಮಾರನ್ನು ಎಳೆದು ತರುವವರು ನಾವು. ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇವೆಂದು ನಮಗೂ ಜಂಬವುಂಟು. ಆದರೆ ಇದೇ ನಾವು, ಯಾರಾದರೂ ಎದುರಿಗೆ ಎಲೆ ಹಾಕಿದರೆ ಸಾಕು, ನಾಚಿಕೆಯಿಲ್ಲದೆ ಸುಳ್ಳು ಹೇಳುತ್ತೇವೆ. ಹೊಟ್ಟೆ ತಾಳ ಹಾಕುತ್ತಿದ್ದರೂ "ಈಗ್ತಾನೆ ಆಯ್ತು" ಎನ್ನಬೇಕು. ಮನೆಯವರು "ಒಂದು ತುತ್ತಾದ್ರೂ" ಎನ್ನಬೇಕು. ಇವನು "ಅಯ್ಯೋ ಬ್ಯಾಡಿ" ಎನ್ನಬೇಕು. ಅವರು ರಟ್ಟೆ ಹಿಡಿದು ಎಳೆದು ಕೂರಿಸಬೇಕು. ಮೂರನೆಯ ಸಲಕ್ಕೆ ಇವನು ಸೋತವನ ಹಾಗೆ ಕುಳಿತು, ಮೂರು ಮುದ್ದೆ ಹೊಡೆಯಬೇಕು. ಒಂದೇ ಮಾತಿಗೆ ಕುಳಿತವನು ಹೊಟ್ಟೆಬಾಕ. ಒಂದೇ ಸಲ ಕೇಳಿ ಸುಮ್ಮನಾದವನು ಜಿಪುಣ. ಇದರಲ್ಲೇ ಹುಟ್ಟಿ ಬೆಳೆದವನಿಗೆ ಎರಡನೇ ಸಲ ಕೇಳದ ಊರೂ ಇರುತ್ತದೆಂದರೆ ಹೇಗೆ ನಂಬಿಕೆ ಬರಬೇಕು?

ರೈಲಿನಲ್ಲಿ ನನ್ನ ನಂಬಿಕೆಯೇ ಗಟ್ಟಿಯಾಯಿತು. ಮದ್ದೂರಿನಲ್ಲಿ ಹತ್ತಿದ್ದ ಒಬ್ಬ ಹುಡುಗ, ಬೆಸಗರಹಳ್ಳಿಯ ಬೋರೇಗೌಡ, ನನ್ನ ಹಾಗೆಯೇ ಹೊಸ ಟ್ರಂಕಿನ ಮೇಲೆ ಕುಳಿತಿದ್ದ. ಅವನು ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬಿಚ್ಚಿ "ತಗೊ" ಎಂದ. "ಉಂಡಿವ್ನಿ ಕಣ್ಲಾ" ಎಂದೆ. "ಮುಚ್ಕೊಂಡು ತಿನ್ಲಾ" ಎಂದ. ಮತ್ತೆ ಬೇಡವೆಂದೆ. ಮೂರನೇ ಸಲಕ್ಕೆ ರೊಟ್ಟಿ ನನ್ನ ಬಾಯಿಗೇ ಬಂತು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ರೈಲು ಗಡಗಡ ಅನ್ನುವಾಗ ಅತ್ತೆಗೆ ಏನೂ ಗೊತ್ತಿಲ್ಲವೆಂದು ನಗುತ್ತ ರೊಟ್ಟಿ ಅಗಿಯುತ್ತಿದ್ದೆ. ಹೊಳೆ ದಾಟಿದ ಮೇಲೆ ಆ ಪದ್ಧತಿ ನಿಂತುಹೋಯಿತು.

ಹಾಸ್ಟೆಲಿನಲ್ಲಿ ಮೊದಲ ದಿನ ಮೇಲ್ವಿಚಾರಕರು ಪಟ್ಟಿ ಹಿಡಿದು ಬಂದರು. "ಕಿಟಕಿ ಪಕ್ಕದ ಜಾಗ ಬೇಕೇನಪ್ಪ?" ಎಂದು ಕೇಳಿದರು. "ಬ್ಯಾಡಿ ಸಾರ್, ಎಲ್ಲಾದ್ರೂ ಆಯ್ತದೆ" ಎಂದೆ, ವಿನಯದಿಂದ. ಅವರು "ಸರಿ" ಎಂದು ಬರೆದುಕೊಂಡು ಹೋದರು. ಎಲ್ಲಾದರೂ ಎಂಬುದು ಎಲ್ಲಿ ಎಂದರೆ, ಅಡುಗೆಮನೆಯ ಹೊಗೆ ನೇರವಾಗಿ ಬರುವ ಮೂಲೆ. ಊಟಕ್ಕೆ ಕುಳಿತರೆ ಬಡಿಸುವವನು ಬಿರುಗಾಳಿಯ ಹಾಗೆ ಬರುತ್ತಿದ್ದ. "ಅನ್ನ?" ನಾನು ಎಲೆಗೆ ಕೈ ಅಡ್ಡ ಹಿಡಿದು "ಸಾಕು ಸಾಕು" ಎನ್ನುವುದು, ಅವನು ಮುಂದಿನ ಎಲೆಗೆ ಹೋಗುವುದು. ಕೈ ಅಡ್ಡ ಹಿಡಿದದ್ದು ಬೇಡವೆಂದಲ್ಲ, ಬೆರಳ ಸಂದಿಯಲ್ಲಿ ಬಡಿಸಲಿ ಎಂದು. ಅದು ನಮ್ಮ ಕಡೆಯ ಮಗುವಿಗೂ ಗೊತ್ತು, ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಅರೆಹೊಟ್ಟೆಯಲ್ಲಿ ಏಳುತ್ತಿದ್ದೆ. ಅತ್ತೆಯ ಹುರಿಹಿಟ್ಟು ಎಂಟು ದಿನಕ್ಕೆ ಮುಗಿಯಿತು.

ಬೋರೇಗೌಡ ಒಂದು ವಾರದಲ್ಲೇ ಬದಲಾಗಿದ್ದ. "ಅನ್ನ" ಎಂದರೆ "ಆಕು" ಎನ್ನುತ್ತಿದ್ದ. ನಾಚಿಕೆಗೆಟ್ಟವನು ಎಂದು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಹೊಟ್ಟೆಯ ಕಥೆ ಹೀಗಾದರೆ ತಲೆಯ ಕಥೆ ಇನ್ನೂ ಕೆಟ್ಟದ್ದು. ಗಣಿತದ ಮೇಷ್ಟ್ರು ಮೃದು ಮನುಷ್ಯರು. ಬೋರ್ಡಿನ ತುಂಬ ಬರೆದು, ಇಂಗ್ಲಿಷಿನಲ್ಲಿ ವಿವರಿಸಿ, ಕೊನೆಗೆ ಒಬ್ಬೊಬ್ಬರ ಮುಖ ನೋಡಿ "ಅರ್ಥವಾಯಿತೇ?" ಎಂದು ಕೇಳುತ್ತಿದ್ದರು. ಅಷ್ಟು ದೊಡ್ಡವರು, ಬೆವರು ಸುರಿಸಿ ಹೇಳಿದ್ದಾರೆ. ಅರ್ಥವಾಗಲಿಲ್ಲ ಎಂದರೆ, ಬಡಿಸಿದ ಅಡುಗೆ ಚೆನ್ನಾಗಿಲ್ಲ ಎಂದ ಹಾಗಲ್ಲವೇ? "ಆಯ್ತು ಸಾರ್" ಎನ್ನುತ್ತಿದ್ದೆ. ಪುಸ್ತಕ ಬೇಕಾದವರು ಕೈ ಎತ್ತಿ ಎಂದರೆ ಎತ್ತುತ್ತಿರಲಿಲ್ಲ. ಇನ್ನೊಂದು ಸಲ ಕೇಳುತ್ತಾರೆ, ಆಗ ಎತ್ತೋಣ ಎಂದು ಕಾಯುತ್ತಿದ್ದೆ. ಹೀಗೆ ಕಾಯುತ್ತ ಕಾಯುತ್ತ ಮೊದಲ ಪರೀಕ್ಷೆ ಬಂತು. ನನಗೆ ಬಂದ ಅಂಕವನ್ನು ಈ ವಯಸ್ಸಿನಲ್ಲಿ ಹೇಳಿಕೊಳ್ಳಲಾರೆ. ಅದಕ್ಕೂ ಸೊನ್ನೆಗೂ ಹತ್ತಿರದ ನೆಂಟಸ್ತಿಕೆಯಿತ್ತು.

ಓದು ನನಗೆ ಹತ್ತಲಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ಒಂದು ಶನಿವಾರ ಬೆಳಿಗ್ಗೆ ಬೋರೇಗೌಡನಿಗೂ ಹೇಳದೆ, ಟ್ರಂಕು ಎತ್ತಿಕೊಂಡು ರೈಲು ಹತ್ತಿ, ಮಂಡ್ಯದಲ್ಲಿ ಇಳಿದೆ. ಹೊಳಲಿಗೆ ಹೋದರೆ ಕಬ್ಬಿನ ಗದ್ದೆ ಕಾದಿತ್ತು. ಅಲ್ಲಿಗೆ ಮುಟ್ಟಿದರೆ ಮತ್ತೆ ಮೈಸೂರಿನ ಮುಖ ನೋಡುವುದಿಲ್ಲವೆಂದು ನನಗೇ ಗೊತ್ತಿತ್ತು. ಮಟಮಟ ಮಧ್ಯಾಹ್ನ ಗುತ್ತಲು ಮುಟ್ಟಿದಾಗ ಅತ್ತೆ ಉಣ್ಣಲು ಕೂರುತ್ತಿದ್ದಳು. ಸೊಸೆ ಸಾಕಮ್ಮ ಬಿಸಿ ಮುದ್ದೆ ಕಟ್ಟಿ, ಉಪ್ಸಾರು ಬಿಡುತ್ತಿದ್ದಳು. ಹಿಂದಿನ ದಿನ ಮಧ್ಯಾಹ್ನದಿಂದ ನಾನು ಏನೂ ತಿಂದಿರಲಿಲ್ಲ.

ಅತ್ತೆ ನನ್ನ ಮುಖ ನೋಡಿದಳು, ಟ್ರಂಕು ನೋಡಿದಳು. ಯಾಕೆ ಬಂದೆ ಎಂದು ಕೇಳಲಿಲ್ಲ.

"ಉಂಡ್ಯೇನ್ಲಾ?"

"ಊಂ ಅತ್ತೆ. ರೈಲ್ನಲ್ಲೇ ಆಯ್ತು."

"ಸರಿ ಬುಡು" ಎಂದು ಮುದ್ದೆ ಮುರಿದಳು.

ನಾನು ಕಂಬಕ್ಕೆ ಒರಗಿ ಕುಳಿತೆ. ಇನ್ನೊಂದು ಸಲ ಕೇಳುತ್ತಾಳೆ ಎಂದು ಕಾದೆ. ನನ್ನ ಸ್ವಂತ ಅತ್ತೆ, ದಾರಿಹೋಕರನ್ನೂ ರಟ್ಟೆ ಹಿಡಿದು ಕೂರಿಸುವವಳು! ಅವಳು ತಲೆ ಎತ್ತಲಿಲ್ಲ. ಖಾರಕ್ಕೆ ಅದ್ದಿ, ಸಾರಿಗೆ ಅದ್ದಿ, ಬಲು ನಿಧಾನವಾಗಿ ಉಂಡಳು. ಒಂದು ಮುದ್ದೆ ಮುಗಿಯಿತು. ಸಾಕಮ್ಮ ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದರೆ ಅತ್ತೆ ಕಣ್ಣಲ್ಲೇ ಗದರಿಸಿದಳು. ಆಮೇಲೆ ಕೈ ತೊಳೆಯುತ್ತ, ಸಾಕಮ್ಮನಿಗೆ ಹೇಳಿದಳು: "ಉಳಿದ ಮುದ್ದೆ ಕಲಗಚ್ಚಿಗೆ ಆಕಮ್ಮಿ. ಎಮ್ಮೆ ಕುಡೀಲಿ."

ಸಾಕಮ್ಮ ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟಳು. ಆ ಮುದ್ದೆಯ ಮೇಲೆ ಇನ್ನೂ ಹಬೆ ಆಡುತ್ತಿತ್ತು.

"ಅತ್ತೆ, ನಂಗೆ ಅಸಿವಾಯ್ತದೆ" ಎಂದುಬಿಟ್ಟೆ. ಅಂದವನೇ ಹದಿನೇಳು ವರ್ಷದ ಗಂಡಸು ಮಗುವಿನ ಹಾಗೆ ಅತ್ತುಬಿಟ್ಟೆ. ಇದನ್ನು ಬರೆಯುವುದಕ್ಕೆ ನಾಚಿಕೆಯಿಲ್ಲ. ಅವತ್ತು ಅತ್ತದ್ದಕ್ಕೇ ಇವತ್ತು ಇಷ್ಟು ಬರೆಯುವುದಕ್ಕೆ ಬಂದಿದೆ.

ಅವಳು ಸಮಾಧಾನ ಮಾಡಲಿಲ್ಲ. ಮುದ್ದೆ ಇಟ್ಟಳು, ಸಾರು ಬಿಟ್ಟಳು, ಬೆಣ್ಣೆ ಹಾಕಿದಳು. ಉಂಡು ಮುಗಿಯುವವರೆಗೂ ಎದುರಿಗೇ ಕುಳಿತಿದ್ದಳು. ಆಮೇಲೆ ಟ್ರಂಕಿನ ಕಡೆ ಗದ್ದ ಎತ್ತಿ ಕೇಳಿದಳು: "ಓದಾಕಾಗ್ದೆ ಬಂದ್ಯೋ, ಉಣ್ಣಾಕಾಗ್ದೆ ಬಂದ್ಯೋ?"

"ಪಾಠ ಗೊತ್ತಾಗಲ್ಲ ಅತ್ತೆ."

"ಮೇಷ್ಟ್ರು ಕೇಳಾಕಿಲ್ವಾ, ಗೊತ್ತಾಯ್ತಾ ಅಂತ?"

"ಕೇಳ್ತಾರೆ."

"ಏನಂತೀಯಾ?"

"ಗೊತ್ತಾಯ್ತು ಅಂತೀನಿ."

ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡಳು. "ಅಲ್ಲ ಕಣ್ಲಾ, ಅಸ್ಕೊಂಡು ಉಂಡೆ ಅಂತೀಯ, ತಿಳೀದೆ ತಿಳೀತು ಅಂತೀಯ. ಅವ್ರೇನು ನಿನ್ನ ವಟ್ಟೆ ಒಳೀಕೆ ಬಂದು ನೋಡಾರಾ? ನಿಮ್ಮಪ್ಪನ ಗದ್ದೆ ಎಲ್ಲೂ ಓಗಾಕಿಲ್ಲ, ಅಲ್ಲೇ ಬಿದ್ದಿರ್ತದೆ. ಒಂದೇ ಒಂದ್ಸಲ ಗೊತ್ತಾಗ್ನಿಲ್ಲ ಅಂದು ನೋಡು. ಆಮೇಲೂ ಆಗ್ನಿಲ್ಲ ಅಂದ್ರೆ ನಾನೇ ನಿಂಗೆ ಗುದ್ದಲಿ ಕೊಡಿಸ್ತೀನಿ."

ಹೊಳಲಿಗೆ ನಾನು ಹೋಗಲೇ ಇಲ್ಲ. ಭಾನುವಾರವೂ ಅಲ್ಲೇ ಉಂಡು, ಸೋಮವಾರ ಬೆಳಗಿನ ರೈಲಿಗೆ ಹೊಸ ಹುರಿಹಿಟ್ಟಿನ ಡಬ್ಬದ ಜೊತೆ ಹೊರಟೆ. ಅವತ್ತೇ ಮಧ್ಯಾಹ್ನ ಗಣಿತದ ತರಗತಿ. ಮೇಷ್ಟ್ರು "ಅರ್ಥವಾಯಿತೇ?" ಎಂದಾಗ ಎದ್ದು ನಿಂತೆ.  "ಇಲ್ಲ ಸಾರ್" ಎಂದೆ.

"ಎಲ್ಲಿಂದ ಅರ್ಥವಾಗಲಿಲ್ಲ?"

"ಮೊದಲಿಂದ ಸಾರ್. ಜುಲೈ ತಿಂಗಳಿಂದ."

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, ಇನ್ನು ಯಾರಿಗೆ ಹೀಗಾಗಿದೆ ಎಂದು ಕೇಳಿದರು. ಮೊದಲು ಎದ್ದದ್ದು ಬೋರೇಗೌಡನ ಕೈ. ಊಟದಲ್ಲಿ ನಾಚಿಕೆ ಬಿಟ್ಟಿದ್ದ ಅವನಿಗೂ ಪಾಠದಲ್ಲಿ ಬಿಡಲಾಗಿರಲಿಲ್ಲ. ಆಮೇಲೆ ಒಂದೊಂದಾಗಿ ಅರ್ಧ ತರಗತಿಯ ಕೈಗಳು ಎದ್ದವು. ಅಂದಿನಿಂದ ಸಂಜೆ ಒಂದು ಗಂಟೆ ಅವರು ನಮ್ಮನ್ನು ಕೂರಿಸಿಕೊಂಡು, ಕನ್ನಡದಲ್ಲಿ, ಮೊದಲಿನಿಂದ ಹೇಳಿಕೊಟ್ಟರು. ಊಟದ ಮನೆಯಲ್ಲಿ ನಾನು ಎಲೆಯ ಮೇಲಿಂದ ಕೈ ತೆಗೆದೆ. ಇಂಟರ್ ಮುಗಿಯಿತು, ಬಿ.ಎ.ಯೂ ಆಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಒಂದು ನುಣುಪು ಪುಸ್ತಿಕೆ ಬರೆಯಬಹುದಾಗಿತ್ತು. ಆದರೆ ಅತ್ತೆಯ ಬುದ್ಧಿಮಾತು ನನಗೆ ಹತ್ತಬೇಕಾದ್ದಕ್ಕಿಂತ ಹೆಚ್ಚಾಗಿಯೇ ಹತ್ತಿತ್ತು. ಬೇಕಾದರೆ ಬೇಕು, ಬೇಡವಾದರೆ ಬೇಡ. ಮೊದಲ ಮಾತೇ ಮಾತು. ಇದೇ ನಾಗರಿಕತೆ ಎಂದುಕೊಂಡಿದ್ದೆ. ಊರಿಗೆ ಬಂದಾಗ ಯಾರಾದರೂ ಮೂರು ಸಲ ಒತ್ತಾಯ ಮಾಡಿದರೆ ಹಳ್ಳಿಗಮಾರರು ಎಂದು ಒಳಗೊಳಗೇ ನಗುತ್ತಿದ್ದೆ.

ಬಿ.ಎ. ಘಟಿಕೋತ್ಸವಕ್ಕೆ ಹೊರಟ ದಿನ ಎಂದಿನಂತೆ ಗುತ್ತಲಿನ ಜಗಲಿಯಲ್ಲಿ ಕುಳಿತಿದ್ದೆ. ಅತ್ತೆ ಅವತ್ತು ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಏನೋ ಹೊಳೆದು ಕೇಳಿದೆ: "ಅತ್ತೆ, ನೀನೂ ಬತ್ತೀಯಾ? ಕಾಲೇಜು ನೋಡ್ಕೊಂಡು ನಾಳೆ ಬರುವಂತೆ."

"ಅಯ್ಯೋ, ನಾನ್ಯಾಕ್ ಬರ್ಲಪ್ಪ ಅಲ್ಗೆ? ಬ್ಯಾಡ ಬುಡು" ಎಂದಳು.

"ಸರಿ ಅತ್ತೆ" ಎಂದೆ.

ಅವಳು ಎಂದೂ ಇಲ್ಲದೆ ಸ್ಟೇಷನ್ನಿನವರೆಗೂ ನನ್ನ ಜೊತೆ ನಡೆದು ಬಂದಳು. ಬಗಲಲ್ಲಿ ಒಂದು ಬಟ್ಟೆಗಂಟು. ನನಗೇ ಏನೋ ಕಟ್ಟಿಕೊಂಡು ಬಂದಿದ್ದಾಳೆ ಎಂದುಕೊಂಡೆ. ಟಿಕೆಟ್ಟು ಎಲ್ಲಿ ಕೊಡುತ್ತಾರೆ ಎಂದು ಕೇಳಿದಳು. ತೋರಿಸಿದೆ. ಹೆಂಗಸರು ಎಲ್ಲಿ ಕೂರುತ್ತಾರೆ ಎಂದು ಕೇಳಿದಳು. ಅದನ್ನೂ ತೋರಿಸಿದೆ. ಎಷ್ಟು ತಿಳಿವಳಿಕೆಯ ಮಾತಾಡುತ್ತಿದ್ದೇನೆ ಎಂದು ನನಗೆ ಸಂತೋಷ. ರೈಲು ಬಂತು. ಹತ್ತಿದೆ. ಗಂಟು ಕೊಡುತ್ತಾಳೆಂದು ಕಿಟಕಿಯಿಂದ ಕೈ ಚಾಚಿದೆ. ಅವಳು ಅದನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡು, "ಓಗ್ಬುಟ್ಟು ಬಾ ನನ್ನಪ್ಪ" ಎಂದಳು. ರೈಲು ಹೊರಟಿತು. ಮರೆತಿರಬೇಕು, ವಯಸ್ಸಾಯಿತು ಎಂದುಕೊಂಡೆ.

ಮಾರನೆಯ ವರ್ಷ ಅತ್ತೆ ತೀರಿಕೊಂಡಳು. ತಿಥಿಗೆ ಹೋದಾಗ ಸಾಕಮ್ಮ ಪೆಟ್ಟಿಗೆಯಿಂದ ಆ ಗಂಟು ತೆಗೆದು ನನ್ನ ಮುಂದಿಟ್ಟಳು. ಮಡಿಸಿದ ಒಂದು ಹಸಿರು ಸೀರೆ, ಎಲೆಅಡಿಕೆ ಚೀಲ, ಒಂದು ಬಾಚಣಿಗೆ.

"ವಾರದಿಂದ ತಯಾರಾಗಿದ್ಲು ಕಣಪ್ಪ" ಎಂದಳು. "ಗಡಿಯಾರದ ಗೋಪುರ ನೋಡ್ಬೇಕು ಅಂತಿದ್ಲು. ಒಂದ್ಸಲ ಕರ್ದ್ಯಂತೆ. ಇನ್ನೊಂದ್ಸಲ ಕರೀತಾನೆ ಅಂತ ಟೇಸನ್‌ಗಂಟ ಬಂದ್ಲು."

ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ ಎಂದು ನೀವು ಅತ್ತೆಯನ್ನು ನೋಡಿ ನಗಬಹುದು. ಊರಿಗೆಲ್ಲ ಬೇಕು ಎನ್ನು ಎಂದು ಕಲಿಸಿದವಳಿಗೆ ತನ್ನ ಬಾಯಲ್ಲಿ ಆ ಮಾತು ಬರಲಿಲ್ಲ. ನನಗೆ ನಗು ಬರುವುದಿಲ್ಲ. ಅವಳ ನಾಚಿಕೆ ಅವಳ ಹುಟ್ಟಿನ ಜೊತೆ ಬಂದದ್ದು. ನಾನು ಅದೇ ನಾಚಿಕೆಯಲ್ಲಿ ಹುಟ್ಟಿ, ಅದರ ಭಾಷೆ ಗೊತ್ತಿದ್ದೂ, ಗೊತ್ತಿಲ್ಲದವನ ಹಾಗೆ ರೈಲು ಹತ್ತಿದೆ. 

"ತಾತ, ಟಿಪ್ಸ್?" ಎಂದಳು ಸವಿತಾ.

"ಮೊದಲು ಇದನ್ನು ತಿನ್ನು" ಎಂದೆ. ಬೇಡವೆಂದಳು. ಮತ್ತೆ ಎಂದೆ. ಮೂರನೇ ಸಲಕ್ಕೆ ತಟ್ಟೆ ಎಳೆದುಕೊಂಡವಳು ಅದನ್ನು ಖಾಲಿ ಮಾಡಿಯೇ ತಲೆ ಎತ್ತಿದಳು. ಆಮೇಲೆ ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಇಂಜಿನ್ ಕಿಡಿಗೆ, ತಿಗಣೆಗೆ ನಕ್ಕಳು. ಅರ್ಥವಾಗದಿದ್ದರೆ ಇಲ್ಲ ಅನ್ನು, ಹಸಿವಾದರೆ ಹಸಿವು ಅನ್ನು ಎಂದಾಗ ನಗಲಿಲ್ಲ.

"ಇನ್ನೊಂದಿದೆ. ಹೊರಡೋ ದಿನ ನಿಮ್ಮಜ್ಜಿಯನ್ನೂ ಜೊತೆಗೆ ಕರಿ. ಯೂನಿವರ್ಸಿಟಿ ತೋರಿಸು."

"ಕರೆದೆ ತಾತ. ಬೇಡ ಅಂದ್ರು."

"ಎಷ್ಟು ಸಲ ಕರೆದೆ?"

 ಹುಡುಗಿ ಎದ್ದು ಬಾಗಿಲ ಬಳಿ ಹೋಗಿ, "ಅಜ್ಜಿ, ನೀನೂ ಬಾ ನನ್ ಜೊತೆ" ಎಂದಳು.

"ನಾನ್ಯಾಕೆ ಬುಡಮ್ಮಿ ಅಲ್ಗೆ" ಎಂದರು ಜವರಮ್ಮ.

"ಬಾ ಅಜ್ಜಿ. ನೀನು ಬರ್ಲೇಬೇಕು."

 ನಾನು ಖಾಲಿ ತಟ್ಟೆಯನ್ನು ಹಿಡಿದುಕೊಂಡು ಬಾಗಿಲ ಕಡೆ ಕಿವಿಗೊಟ್ಟೆ.

"ರೈಲು ಎಷ್ಟು ಗಂಟೆಗಂತೆ?" ಎಂದರು ಜವರಮ್ಮ.